ಬಾಗಿಲಲ್ಲಿ ನಿಂತ ಇಬ್ಬರು: ವಿಷಗಾಳಿಯ ಬೆಂಕಿಯಲ್ಲಿ ಅಗ್ನಿಶಾಮಕ ಸುರಕ್ಷತಾ ತಂಡದ ಕಾರ್ಯವಿಧಾನ



ಮುಚ್ಚಿದ ಗೋದಾಮೊಂದಕ್ಕೆ ಬೆಂಕಿ ಬಿದ್ದಿದೆ. ಅಗ್ನಿಶಾಮಕ ವಾಹನ ಬಂದು ನಿಂತಿದೆ ಎಂದು ಭಾವಿಸೋಣ. ಕೆಲಸವು ವಿಧಿಯಂತೆ ನಡೆದರೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಇಬ್ಬರು ಸಿಬ್ಬಂದಿ ಹೊಗೆಯೊಳಗೆ ಹೋಗುತ್ತಾರೆ. ಅದೇ ಉಡುಪು, ಅದೇ ಸಿಲಿಂಡರ್ ಧರಿಸಿದ ಮತ್ತಿಬ್ಬರು ಬಾಗಿಲಲ್ಲಿಯೇ ನಿಲ್ಲುತ್ತಾರೆ. ನೆರೆದ ಜನರಿಗೆ ಇದು ಅರ್ಥವಾಗುವುದಿಲ್ಲ. ‘ಸರ್ಕಾರಿ ಸಂಬಳ ಪಡೆದು ಇವರೇಕೆ ಸುಮ್ಮನೆ ನಿಂತಿದ್ದಾರೆ, ಒಳಗೆ ಹೋಗಬಾರದೇ’ ಎಂಬ ಮಾತು ಏಳುತ್ತದೆ; ಕೆಲವೊಮ್ಮೆ ನೂಕಾಟವೂ ನಡೆಯುತ್ತದೆ. ಆ ಹೊತ್ತಿನಲ್ಲಿ ಜನರು ನೋಡುವುದು ತಮ್ಮ ವಾರ್ಡಿನ ಸದಸ್ಯರ ಮುಖವನ್ನು. ಸದಸ್ಯರು ಏನು ಹೇಳುತ್ತಾರೆ ಎಂಬುದರ ಮೇಲೆ ಒಳಗಿರುವವರ ಪ್ರಾಣವೂ ಹೊರಗಿರುವವರ ಪ್ರಾಣವೂ ನಿಂತಿರುತ್ತದೆ.

ಬಾಗಿಲಲ್ಲಿ ನಿಂತ ಆ ಇಬ್ಬರು ಏಕೆ ನಿಂತಿದ್ದಾರೆ, ಅವರ ಕೆಲಸವೇನು, ಅವರಿಗೆ ಗ್ರಾಮ ಪಂಚಾಯಿತಿಯು ಯಾವ ರೀತಿ ನೆರವಾಗಬಹುದು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನೂ, ಅವುಗಳಿಂದ ಬೇರ್ಪಟ್ಟ ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳನ್ನೂ ಗಮನದಲ್ಲಿಟ್ಟು ಇದನ್ನು ಸಿದ್ಧಪಡಿಸಲಾಗಿದೆ.

1. ಅಪಾಯಕಾರಿ ವಾತಾವರಣ ಎಂದರೇನು?

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 20.9. ಅದು ಶೇಕಡಾ 19.5ಕ್ಕಿಂತ ಕೆಳಗಿಳಿದರೆ ಆ ಸ್ಥಳವನ್ನು ಆಮ್ಲಜನಕದ ಕೊರತೆಯ ಸ್ಥಳವೆಂದು ಪರಿಗಣಿಸಲಾಗುತ್ತದೆ. ಶೇಕಡಾ 16ರ ಹೊತ್ತಿಗೆ ವಿವೇಚನೆ ಕುಂದುತ್ತದೆ, ಕೈಕಾಲು ಹಿಡಿತಕ್ಕೆ ಬರುವುದಿಲ್ಲ. ಶೇಕಡಾ 10ಕ್ಕಿಂತ ಕೆಳಗೆ ಪ್ರಜ್ಞೆ ತಪ್ಪುತ್ತದೆ. ಶೇಕಡಾ 6ರಲ್ಲಿ ಕೆಲವೇ ನಿಮಿಷಗಳಲ್ಲಿ ಸಾವು ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಬೆಂಕಿಯು ಈ ಆಮ್ಲಜನಕವನ್ನೇ ತಿನ್ನುತ್ತದೆ.

ಆಮ್ಲಜನಕದ ಕೊರತೆಯ ಜೊತೆಗೆ ವಿಷಾನಿಲಗಳೂ ಸೇರುತ್ತವೆ. ಅರೆಬರೆ ಉರಿಯುವ ಬೆಂಕಿಯಿಂದ ಹುಟ್ಟುವ ಇಂಗಾಲದ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು ಸೇರಿದರೂ ಎರಡು ಮೂರು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಹಾಸಿಗೆಯ ಫೋಮ್, ಪ್ಲಾಸ್ಟಿಕ್ ಮುಂತಾದವು ಸುಟ್ಟಾಗ ಸೈನೈಡ್ ಅನಿಲವೂ ಬರುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಜನ ಸತ್ತರು. ಉಸಿರುಗಟ್ಟಿ ಸತ್ತವರು, ಹೊಗೆ ತಾಳಲಾರದೆ ಮೇಲಿನಿಂದ ಜಿಗಿದು ಸತ್ತವರು ಅವರಲ್ಲಿದ್ದರು. ಬೆಂಕಿ ಅನಾಹುತಗಳಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ ಎಂಬುದಕ್ಕೆ ಅದು ನಮ್ಮ ರಾಜ್ಯದ್ದೇ ಉದಾಹರಣೆ.

ಈ ತಿಳಿವಳಿಕೆ ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಕೂಡಿಡುತ್ತಿದ್ದರು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ‘ಕೆಟ್ಟ ಗಾಳಿ’ ಹೋಗಲಿ ಎಂದು ಕಾಯುತ್ತಿದ್ದರು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದರು. ನೆಲದಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕವನ್ನು ಕಳೆದು ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ ಎಂಬುದು ಆ ಪದ್ಧತಿಯ ಹಿಂದಿನ ವಿಜ್ಞಾನ. ಆದರೆ ಇಂದು ದೀಪದ ಪರೀಕ್ಷೆಯನ್ನು ಎಲ್ಲೆಡೆ ಬಳಸುವುದು ಅಪಾಯ. ಇಂಗಾಲದ ಮೊನಾಕ್ಸೈಡ್ ಕೊಲ್ಲುವಷ್ಟು ಇದ್ದರೂ ದೀಪ ಉರಿಯುತ್ತಲೇ ಇರಬಹುದು. ಶೌಚಗುಂಡಿಯ ಮೀಥೇನ್ ಇದ್ದರೆ ಅದೇ ದೀಪ ಸ್ಫೋಟಕ್ಕೆ ಕಾರಣವಾಗಬಹುದು. ಆದುದರಿಂದ ಕಾಯುವ ವಿವೇಕವನ್ನು ಉಳಿಸಿಕೊಂಡು, ಪರೀಕ್ಷೆಯನ್ನು ಅನಿಲ ಮಾಪಕಕ್ಕೆ ಬಿಡತಕ್ಕದ್ದು.

ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಒದ್ದೆ ಬಟ್ಟೆಯು ಮಸಿಯ ಕಣಗಳನ್ನು ಸ್ವಲ್ಪ ತಡೆದೀತು. ಇಂಗಾಲದ ಮೊನಾಕ್ಸೈಡನ್ನು ತಡೆಯಲಾರದು, ಇಲ್ಲದ ಆಮ್ಲಜನಕವನ್ನು ಕೊಡಲಾರದು. ಔಷಧಿ ಸಿಂಪಡಣೆಗೆ ಬಳಸುವ ಮುಖಗವಸಿಗೂ ಇದೇ ಮಾತು ಅನ್ವಯಿಸುತ್ತದೆ. ಇಂತಹ ಗಾಳಿಯಲ್ಲಿ ಕೆಲಸಕ್ಕೆ ಬರುವುದು ಬೆನ್ನ ಮೇಲೆ ಶುದ್ಧ ಗಾಳಿಯನ್ನೇ ಹೊತ್ತೊಯ್ಯುವ ಸ್ವಯಂಪೂರ್ಣ ಉಸಿರಾಟ ಸಾಧನ ಮಾತ್ರ.

2. ಒಬ್ಬನ ಹಿಂದೆ ಒಬ್ಬ: ಸರಣಿ ಸಾವು

2022ರ ಏಪ್ರಿಲ್ 17ರಂದು ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಗೆ ಇಳಿದ ಕಾರ್ಮಿಕನೊಬ್ಬ ಕುಸಿದ. ಅವನನ್ನು ಎತ್ತಲು ಇಳಿದವರೂ ಕುಸಿದರು. ಒಟ್ಟು 5 ಜನ ಪ್ರಾಣ ಕಳೆದುಕೊಂಡರು. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಒಳಚರಂಡಿ ಗುಂಡಿಯೊಂದರಲ್ಲಿ 3 ಜನ ಸತ್ತರು. ಅಲ್ಲಿಯೂ ಒಬ್ಬನನ್ನು ಉಳಿಸಲು ಮತ್ತೊಬ್ಬ ಇಳಿದದ್ದೇ ಸಾವಿನ ಸಂಖ್ಯೆ ಏರಲು ಕಾರಣ.

ಇವು ಅಪರೂಪದ ಪ್ರಸಂಗಗಳಲ್ಲ. ಇಕ್ಕಟ್ಟಾದ ಮುಚ್ಚಿದ ಸ್ಥಳಗಳ ಸಾವುಗಳನ್ನು ಪರಿಶೀಲಿಸಿದ ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1986ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಸತ್ತವರಲ್ಲಿ ಶೇಕಡಾ 60ಕ್ಕೂ ಹೆಚ್ಚು ಜನ ರಕ್ಷಿಸಲು ಹೋದವರೇ ಎಂದು ತಿಳಿಸಿತು. ಮೊದಲನೆಯವನನ್ನು ಕೊಂದ ಗಾಳಿಯೇ ಎರಡನೆಯವನಿಗಾಗಿ ಅಲ್ಲಿ ಕಾದಿರುತ್ತದೆ. ಸಾಹಸ, ಬಂಧುಪ್ರೇಮ, ದೇಹಬಲ ಇವು ಯಾವುವೂ ಅದನ್ನು ಬದಲಿಸಲಾರವು. ಈ ಸರಣಿಯನ್ನು ಕಡಿಯುವುದಕ್ಕಾಗಿಯೇ ಸುರಕ್ಷತಾ ತಂಡ ಎಂಬ ವ್ಯವಸ್ಥೆ ಹುಟ್ಟಿಕೊಂಡಿತು.

3. ಇಬ್ಬರು ಒಳಗೆ, ಇಬ್ಬರು ಹೊರಗೆ

ಲಂಡನ್ನಿನ ಸ್ಮಿತ್‌ಫೀಲ್ಡ್ ಮಾರುಕಟ್ಟೆಯ ನೆಲಮಾಳಿಗೆಯಲ್ಲಿ 1958ರ ಜನವರಿ 23ರಂದು ಹತ್ತಿದ ಬೆಂಕಿಯಲ್ಲಿ ಇಬ್ಬರು ಅಗ್ನಿಶಾಮಕರು ಹೊಗೆಯೊಳಗೆ ದಾರಿ ತಪ್ಪಿ, ಸಿಲಿಂಡರ್‌ನ ಗಾಳಿ ಮುಗಿದು ಸತ್ತರು. ಯಾರು ಒಳಗಿದ್ದಾರೆ, ಎಷ್ಟು ಹೊತ್ತಿಗೆ ಹೋದರು, ಅವರ ಬಳಿ ಎಷ್ಟು ಗಾಳಿ ಉಳಿದಿದೆ ಎಂಬುದನ್ನು ಹೊರಗಿನಿಂದ ಲೆಕ್ಕವಿಡುವ ಬಿಗಿಯಾದ ಪದ್ಧತಿ ಆಗ ಇರಲಿಲ್ಲ. ಆ ಘಟನೆಯ ನಂತರ ಬ್ರಿಟನ್ನಿನಲ್ಲಿ ಬಾಗಿಲ ಬಳಿ ನಿಯಂತ್ರಣ ಫಲಕವನ್ನಿಟ್ಟು, ಒಳಹೋಗುವ ಪ್ರತಿಯೊಬ್ಬರ ಬಿಲ್ಲೆಯನ್ನು ಅದರಲ್ಲಿ ಸಿಕ್ಕಿಸಿ, ಸಮಯ ಬರೆಯುವ ಕ್ರಮ ನೆಲೆಗೊಂಡಿತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮವು 1998ರಲ್ಲಿ ಪರಿಷ್ಕೃತವಾದಾಗ, ಕಟ್ಟಡದೊಳಗಿನ ಬೆಂಕಿಗೆ ಕನಿಷ್ಠ ಇಬ್ಬರು ಜೊತೆಯಾಗಿ ಒಳಹೋಗಬೇಕು, ಸಜ್ಜಾದ ಕನಿಷ್ಠ ಇಬ್ಬರು ಹೊರಗಿರಬೇಕು ಎಂದು ಕಾನೂನಿನ ರೂಪದಲ್ಲಿ ಬರೆಯಲಾಯಿತು. ಇಂದು ಜಗತ್ತಿನ ಅಗ್ನಿಶಾಮಕ ಸೇವೆಗಳು ಈ ಮೂಲತತ್ತ್ವವನ್ನು ಒಪ್ಪಿವೆ.

ಈ ತತ್ತ್ವದಲ್ಲಿ ನಾಲ್ಕು ಅಂಶಗಳಿವೆ.

ಮೊದಲನೆಯದು, ಒಬ್ಬರೇ ಎಂದೂ ಒಳಹೋಗಕೂಡದು. ಜೋಡಿಯು ಒಬ್ಬರಿಗೊಬ್ಬರು ಕಣ್ಣಳತೆ, ದನಿಯಳತೆ ಅಥವಾ ಕೈಯಳತೆಯಲ್ಲಿರಬೇಕು. ಒಬ್ಬರು ಹೊರಬರಬೇಕಾದರೆ ಇಬ್ಬರೂ ಬರಬೇಕು.

ಎರಡನೆಯದು, ಹೊರಗಿನ ಜೋಡಿಯು ಸಂಪೂರ್ಣ ಸಜ್ಜಾಗಿರಬೇಕು. ಸಿಲಿಂಡರ್ ಬೆನ್ನ ಮೇಲಿರಬೇಕು, ಮುಖಗವಸು ಕೈಗೆ ಸಿಗುವಂತಿರಬೇಕು, ನೀರು ತುಂಬಿದ ಪ್ರತ್ಯೇಕ ಕೊಳವೆ ಸಿದ್ಧವಿರಬೇಕು. ಒಳಗಿನ ಜೋಡಿಯ ಕೊಳವೆಯು ಒಡೆದರೆ ಅದನ್ನೇ ನೆಚ್ಚಿಕೊಂಡು ರಕ್ಷಣೆಗೆ ಹೋಗುವಂತಿಲ್ಲ.

ಮೂರನೆಯದು, ಹೊರಗಿನವರಿಗೆ ಬಿಡಲಾಗದ ಬೇರೆ ಕೆಲಸ ಕೊಡಕೂಡದು. ಪಂಪ್ ನಡೆಸುವವರನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅವರು ಪಂಪ್ ಬಿಟ್ಟು ಹೋದರೆ ಒಳಗಿನವರಿಗೆ ನೀರು ನಿಲ್ಲುತ್ತದೆ.

ನಾಲ್ಕನೆಯದು, ಒಳಗೆ ಜೀವವಿದೆ ಎಂದು ಖಚಿತವಾಗಿ ತಿಳಿದಿದ್ದು, ಕ್ಷಣ ಕಳೆದರೂ ಅದು ಹೋಗುತ್ತದೆ ಎಂಬ ಸಂದರ್ಭದಲ್ಲಿ, ತಂಡ ಪೂರ್ಣಗೊಳ್ಳುವ ಮೊದಲೇ ರಕ್ಷಣೆಗೆ ಮುಂದಾಗಲು ಅವಕಾಶವಿದೆ. ಆದರೆ ಆ ನಿರ್ಧಾರ ಸ್ಥಳದ ಅಗ್ನಿಶಾಮಕ ಅಧಿಕಾರಿಯದು. ಗುಂಪಿನದಲ್ಲ, ಸದಸ್ಯರದೂ ಅಲ್ಲ.

ಒಂದು ವಾಹನದಲ್ಲಿ ಬರುವ ಸಿಬ್ಬಂದಿಯ ಸಂಖ್ಯೆ ಸೀಮಿತ. ಚಾಲಕರು ಪಂಪ್ ಬಳಿ ಉಳಿದು, ಅಧಿಕಾರಿಯು ನಿರ್ದೇಶನಕ್ಕೆ ನಿಂತರೆ, ಒಳಗೆ ಇಬ್ಬರು ಮತ್ತು ಹೊರಗೆ ಇಬ್ಬರು ಎಂಬ ಲೆಕ್ಕ ತುಂಬಲು ಎರಡನೆಯ ವಾಹನ ಬೇಕಾಗಬಹುದು. ಅಲ್ಲಿಯವರೆಗೆ ಅವರು ಹೊರಗಿನಿಂದಲೇ ನೀರು ಹಾಯಿಸುತ್ತಿದ್ದರೆ ಅದು ಹೇಡಿತನವಲ್ಲ, ವಿಧಿ. ದೂರವಾಣಿಯಲ್ಲಿ ತಿಳಿಸುವಾಗಲೇ ‘ಮುಚ್ಚಿದ ಗೋದಾಮು, ಒಳಗೆ ಜನರಿರುವ ಶಂಕೆ’ ಎಂದು ಸ್ಪಷ್ಟವಾಗಿ ಹೇಳಿದರೆ ಎರಡನೆಯ ವಾಹನವನ್ನು ಆಗಲೇ ಕರೆಸಲು ಠಾಣೆಗೆ ಅನುಕೂಲವಾಗುತ್ತದೆ.

4. ಗಾಳಿಯ ಲೆಕ್ಕ

ಸಿಲಿಂಡರ್ ಹೊತ್ತವರು ಎಷ್ಟು ಹೊತ್ತು ಒಳಗಿರಬಲ್ಲರು? ಈ ಪ್ರಶ್ನೆಗೆ ಸರಳ ಗಣಿತದಿಂದ ಉತ್ತರ ಕಂಡುಕೊಳ್ಳಬಹುದು. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಸಿಲಿಂಡರ್‌ನ ಗಾತ್ರ 6.8 ಲೀಟರ್, ತುಂಬಿದ ಒತ್ತಡ 300 ಬಾರ್. ಎರಡನ್ನೂ ಗುಣಿಸಿದರೆ ಸುಮಾರು 2,040 ಲೀಟರ್ ಗಾಳಿ ದೊರೆಯುತ್ತದೆ.

ನಿಮಿಷಕ್ಕೆ 40 ಲೀಟರ್ ಬಳಸಿದರೆ ಇದು ಸುಮಾರು 50 ನಿಮಿಷ ಬರುತ್ತದೆ. ಭಾರವಾದ ಉಡುಪಿನಲ್ಲಿ, ಬಿಸಿಯಲ್ಲಿ, ಕೊಳವೆ ಎಳೆಯುತ್ತಾ ದುಡಿಯುವವರು 60 ಲೀಟರ್ ಬಳಸಿದರೆ 34 ನಿಮಿಷ. ಗಾಬರಿಯಿಂದ 80 ಲೀಟರ್ ಬಳಸಿದರೆ 25 ನಿಮಿಷ. ಒತ್ತಡ ಸುಮಾರು 50 ಬಾರ್‌ಗೆ ಇಳಿದಾಗ ಸಾಧನದಲ್ಲಿರುವ ಎಚ್ಚರಿಕೆಯ ಶಿಳ್ಳೆ ಕೂಗಲಾರಂಭಿಸುತ್ತದೆ. ಆಗ ಉಳಿದಿರುವುದು 340 ಲೀಟರ್. 60 ಲೀಟರ್ ಲೆಕ್ಕದಲ್ಲಿ 6 ನಿಮಿಷಕ್ಕೂ ಕಡಿಮೆ.

ಈಗ ಒಂದು ಉದಾಹರಣೆ. ಬಾಗಿಲಲ್ಲಿ ಒತ್ತಡ 300 ಬಾರ್ ಇತ್ತು. ಗೋದಾಮಿನ ಹಿಂಬದಿ ತಲುಪುವಷ್ಟರಲ್ಲಿ 60 ಬಾರ್ ಖರ್ಚಾಗಿ 240 ಉಳಿಯಿತು. ಮರಳಲು ಮತ್ತೆ 60 ಬಾರ್ ಬೇಕು. ಶಿಳ್ಳೆಯ ನಂತರದ 50 ಬಾರ್ ಮುಟ್ಟಬಾರದ ಮೀಸಲು. ಹಾಗಾಗಿ ಮಾಪಕವು 110 ತೋರಿಸಿದಾಗ ಕೈಯಲ್ಲಿರುವ ಕೆಲಸವನ್ನು ಬಿಟ್ಟು ತಿರುಗಲೇಬೇಕು. ಕೆಲಸಕ್ಕೆ ಸಿಕ್ಕಿದ್ದು 130 ಬಾರ್, ಎಂದರೆ 884 ಲೀಟರ್, ಸುಮಾರು 15 ನಿಮಿಷ ಮಾತ್ರ. ಕುಸಿದವರೊಬ್ಬರನ್ನು ಎಳೆದು ತರಬೇಕಾದರೆ ಮರಳುವ ಖರ್ಚು ಇನ್ನೂ ಹೆಚ್ಚು. ಕೆಲಸದ ಹೊತ್ತು ಇನ್ನೂ ಕಡಿಮೆ.

ಹೀಗಾಗಿ ಒಳಗಿನವರು ಬೇಗನೆ ಹೊರಬಂದರೆ ‘ಕೆಲಸ ಅರ್ಧಕ್ಕೆ ಬಿಟ್ಟರು’ ಎಂದು ಆಡಿಕೊಳ್ಳುವುದು ಸಲ್ಲದು. ಅವರು ಲೆಕ್ಕಕ್ಕೆ ಸರಿಯಾಗಿ ಹೊರಬಂದಿದ್ದಾರೆ.

5. ಹೊರಗಿನ ತಂಡ ಮಾಡುವುದೇನು?

ಸುರಕ್ಷತಾ ತಂಡದ ಕೆಲಸವು ಒಳಗಿನ ಜೋಡಿ ಹೊಸ್ತಿಲು ದಾಟುವ ಮೊದಲೇ ಆರಂಭವಾಗುತ್ತದೆ. ಕ್ರಮವಾಗಿ ಅದು ಹೀಗಿದೆ.

ಒಂದು: ಕಟ್ಟಡದ ಸುತ್ತ ಒಂದು ಸುತ್ತು ಹಾಕಿ ಹಿಂಬಾಗಿಲು, ಕಿಟಕಿ, ಸರಳು, ರೋಲಿಂಗ್ ಶಟರ್, ಬಿರುಕು ಬಿಟ್ಟ ಗೋಡೆಗಳನ್ನು ಗುರುತಿಸುವುದು. ಒಳಗಿನವರು ಬಂದ ದಾರಿಯೇ ಮುಚ್ಚಿಹೋದರೆ ಎರಡನೆಯ ದಾರಿ ಯಾವುದು ಎಂಬುದನ್ನು ಮೊದಲೇ ನಿಶ್ಚಯಿಸುವುದು.

ಎರಡು: ಬಾಗಿಲ ಬಳಿಯ ಫಲಕದಲ್ಲಿ ಒಳಹೋದವರ ಹೆಸರು, ಒತ್ತಡ, ಸಮಯ, ಹೋದ ದಿಕ್ಕನ್ನು ಬರೆದಿಡುವುದು. 3 ಗಂಟೆ 10 ನಿಮಿಷಕ್ಕೆ 300 ಬಾರ್‌ನೊಂದಿಗೆ ಹೋದವರ ಶಿಳ್ಳೆ ಮೇಲಿನ ಲೆಕ್ಕದಂತೆ 3 ಗಂಟೆ 38 ನಿಮಿಷಕ್ಕೆ ಕೂಗಬೇಕು. ಅಷ್ಟರೊಳಗೆ ಅವರು ಹೊರಗಿಲ್ಲದಿದ್ದರೆ, ಅವರಿಂದ ಕೂಗು ಬರಲಿ ಬಾರದಿರಲಿ, ತುರ್ತು ಸ್ಥಿತಿ ಎಂದೇ ಭಾವಿಸುವುದು.

ಮೂರು: ಹಗ್ಗ, ಟಾರ್ಚ್, ಕೊಡಲಿ, ಸರಳು ಕತ್ತರಿಸುವ ಸಾಧನ, ಸ್ಟ್ರೆಚರ್ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಗಾಳಿ ತುಂಬಿದ ಹೆಚ್ಚುವರಿ ಸಿಲಿಂಡರ್ ಸಿದ್ಧವಿಡುವುದು. ಸಿಕ್ಕಿಬಿದ್ದ ಅಗ್ನಿಶಾಮಕರಿಗೆ ಮೊದಲು ತಲುಪಬೇಕಾದದ್ದು ಗಾಳಿ. ಎಳೆದು ತರುವುದು ಅನಂತರದ ಮಾತು.

ನಾಲ್ಕು: ಹೊಗೆಯ ಬಣ್ಣ, ವೇಗ, ಛಾವಣಿಯ ಸದ್ದುಗಳನ್ನು ಗಮನಿಸುವುದು. ಒಳಗಿರುವವರಿಗೆ ತಮ್ಮ ಅಂಗೈ ಕೂಡ ಕಾಣದು. ಕಟ್ಟಡದ ಒಟ್ಟು ಸ್ಥಿತಿ ಕಾಣುವುದು ಹೊರಗಿನವರಿಗೆ ಮಾತ್ರ. ಅಪಾಯ ಕಂಡರೆ ವಾಹನದ ಹಾರ್ನ್ ಅಥವಾ ಸೀಟಿಯ ಸಂಕೇತದಿಂದ ಹಿಂದಕ್ಕೆ ಕರೆಸುವುದು.

ಐದು: ಒಳಗಿನಿಂದ ಆಪತ್ತಿನ ಕರೆ ಬಂದರೆ ಯಾರು, ಎಲ್ಲಿ, ಏನಾಗಿದೆ, ಎಷ್ಟು ಗಾಳಿ ಉಳಿದಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆದು, ಅಧಿಕಾರಿಯ ಆದೇಶದಂತೆ ಜೋಡಿಯಾಗಿಯೇ ಒಳಹೋಗುವುದು. ಅವರು ಹೋದ ಕೂಡಲೇ ಬಾಗಿಲಲ್ಲಿ ಹೊಸ ಜೋಡಿಯೊಂದು ನಿಲ್ಲಬೇಕು. ಹೊಸ ಸಾಧನಗಳಲ್ಲಿ, ಧರಿಸಿದವರು ಸುಮಾರು 30 ಸೆಕೆಂಡು ಅಲುಗಾಡದಿದ್ದರೆ ತಾನಾಗಿಯೇ ಕೂಗುವ ಯಂತ್ರವಿರುತ್ತದೆ. ಆ ಸದ್ದನ್ನು ಆಲಿಸಲು ಹೊರಗೆ ನಿಶ್ಶಬ್ದ ಬೇಕು. ಜನರ ಕೂಗಾಟವನ್ನು ನಿಲ್ಲಿಸುವುದು ಸದಸ್ಯರು ಮಾಡಬಹುದಾದ ಅತಿ ದೊಡ್ಡ ಉಪಕಾರ ಎನ್ನಲು ಇದೇ ಕಾರಣ.

6. ‘ಇನ್ನು ಯಾರೂ ಹೋಗಕೂಡದು’ ಎನ್ನುವ ಅಧಿಕಾರ

1999ರ ಡಿಸೆಂಬರ್ 3ರಂದು ಅಮೆರಿಕದ ವೂಸ್ಟರ್ ನಗರದಲ್ಲಿ ಕಿಟಕಿಗಳೇ ಇಲ್ಲದ ಹಳೆಯ ಶೀತಲಗೃಹವೊಂದಕ್ಕೆ ಬೆಂಕಿ ಹತ್ತಿತು. ಒಳಗೆ ನಿರಾಶ್ರಿತರಿದ್ದಾರೆಂಬ ಮಾತು ಕೇಳಿ ಹುಡುಕಲು ಹೋದ ಇಬ್ಬರು ಅಗ್ನಿಶಾಮಕರು ದಾರಿ ತಪ್ಪಿದರು. ಅವರನ್ನು ಹುಡುಕಲು ಹೋದ ನಾಲ್ವರು ಮರಳಲಿಲ್ಲ. ಒಟ್ಟು 6 ಜನ ಸತ್ತರು. ನಿರಾಶ್ರಿತರು ಅದಾಗಲೇ ಹೊರಗೆ ಹೋಗಿದ್ದರು. ಗೆಳೆಯರನ್ನು ಉಳಿಸಲು ಇನ್ನೂ ಅನೇಕರು ಒಳನುಗ್ಗಲು ಸಿದ್ಧರಾಗಿದ್ದಾಗ ಅಧಿಕಾರಿ ಮೈಕ್ ಮೆಕ್ನಾಮಿ ಬಾಗಿಲಿಗೆ ಅಡ್ಡ ನಿಂತು ಇನ್ನು ಯಾರೂ ಹೋಗಕೂಡದೆಂದು ತಡೆದರು. ಆ ತಡೆ ಇಲ್ಲದಿದ್ದರೆ ಸಾವಿನ ಸಂಖ್ಯೆ ಎಲ್ಲಿಗೆ ಮುಟ್ಟುತ್ತಿತ್ತೋ ಹೇಳಲಾಗದು.

ನಮಗೆ ಇದರಿಂದ ಎರಡು ಪಾಠಗಳಿವೆ. ಒಳಗೆ ಯಾರಾದರೂ ಇದ್ದಾರೆಯೇ ಎಂಬ ಮಾಹಿತಿಯನ್ನು ಖಚಿತವಾಗಿ ಕೊಡಬೇಕು; ಊಹೆಯ ಮಾತು ಜೀವ ತೆಗೆಯಬಹುದು. ಮತ್ತು ಅಧಿಕಾರಿಯು ‘ಸಾಕು’ ಎಂದಾಗ ಅದನ್ನು ಗೌರವಿಸಬೇಕು. ಬೆಂಕಿಯ ಸ್ಥಳದಲ್ಲಿ ಅಡ್ಡಿಯಾಗುವವರನ್ನು ದೂರ ಕಳಿಸುವ ಅಧಿಕಾರವನ್ನು 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮವು ಅಗ್ನಿಶಾಮಕ ದಳಕ್ಕೆ ನೀಡಿದೆ. ಆ ಅಧಿಕಾರ ಚಲಾಯಿಸುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಸ್ಥಳೀಯ ಸದಸ್ಯರಿಂದ ಸಾಧ್ಯ.

7. ನಮ್ಮ ತಾಲ್ಲೂಕುಗಳ ಅಪಾಯಸ್ಥಾನಗಳು

ಗಂಗಾವತಿ ಭಾಗ: ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಿದು, ಅಕ್ಕಿ ಗಿರಣಿಗಳು ಇಲ್ಲಿನ ಜೀವನಾಡಿ. ಭತ್ತದ ಹೊಟ್ಟಿನ ರಾಶಿಗೆ ತಗಲಿದ ಬೆಂಕಿ ಮೇಲೆ ಜ್ವಾಲೆ ಕಾಣದೆ ಒಳಗೊಳಗೇ ಕೊರೆದು, ಇಂಗಾಲದ ಮೊನಾಕ್ಸೈಡ್ ಬಿಡುತ್ತಾ ದಿನಗಟ್ಟಲೆ ಉಳಿಯುತ್ತದೆ. ಅಂತಹ ರಾಶಿಯ ಮೇಲೆ ಹತ್ತಿದವರು ಒಳಗಿನ ಪೊಳ್ಳಿಗೆ ಕುಸಿಯಬಹುದು. ಮುಚ್ಚಿದ ಕಟ್ಟಡದಲ್ಲಿ ಸೂಕ್ಷ್ಮ ಧೂಳು ಗಾಳಿಗೆ ಎದ್ದರೆ ಕಿಡಿ ಸಾಕು, ಸ್ಫೋಟವಾಗುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ದಾಸ್ತಾನಿನ ಹುಳು ಕೊಲ್ಲಲು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗೆ ನೀರು ತಗಲಿದರೆ ಪ್ರಾಣಾಂತಿಕವಾದ, ತಾನಾಗಿಯೇ ಹೊತ್ತಿಕೊಳ್ಳಬಲ್ಲ ಫಾಸ್ಫೀನ್ ಅನಿಲ ಹುಟ್ಟುತ್ತದೆ. ಬೆಂಕಿ ನಂದಿಸಲು ಸುರಿದ ನೀರೇ ವಿಷವಾಗುವ ಸಂದರ್ಭವಿದು. ಗೋದಾಮಿನಲ್ಲಿ ಈ ಮಾತ್ರೆಗಳಿವೆಯೇ, ಎಲ್ಲಿವೆ ಎಂಬುದನ್ನು ವಾಹನ ಬಂದ ಕೂಡಲೇ ಅಧಿಕಾರಿಗೆ ತಿಳಿಸತಕ್ಕದ್ದು.

ಕೊಪ್ಪಳ ಭಾಗ: ಗಿಣಿಗೇರಾ, ಬೇವಿನಹಳ್ಳಿ, ಹಿರೇಬಗನಾಳ, ಅಲ್ಲಾನಗರದ ಸುತ್ತ ಕಬ್ಬಿಣ ಮತ್ತು ಉಕ್ಕಿನ ಕೈಗಾರಿಕೆಗಳಿವೆ. ಕಬ್ಬಿಣದ ಅದಿರನ್ನು ಕರಗಿಸುವ ಊದುಕುಲುಮೆಯ ಅನಿಲದಲ್ಲಿ ಇಂಗಾಲದ ಮೊನಾಕ್ಸೈಡ್ ಧಾರಾಳವಾಗಿರುತ್ತದೆ. 2014ರ ಜೂನ್ 12ರಂದು ಭಿಲಾಯಿ ಉಕ್ಕಿನ ಸ್ಥಾವರದಲ್ಲಿ ಇಂತಹ ಅನಿಲ ಸೋರಿ 6 ಜನ ಸತ್ತರು. ಅಲ್ಲಿ ಬೆಂಕಿಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಕಾರ್ಖಾನೆಯ ತುರ್ತು ಸಂಪರ್ಕ ಸಂಖ್ಯೆ, ಸೈರನ್ನಿನ ಅರ್ಥ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಜನ ಸರಿಯಬೇಕಾದ ದಾರಿ ಇವು ಅಕ್ಕಪಕ್ಕದ ಹಳ್ಳಿಯವರಿಗೆ ಮೊದಲೇ ತಿಳಿದಿರಬೇಕು.

ಕುಷ್ಟಗಿ ಮತ್ತು ಯಲಬುರ್ಗಾ ಭಾಗ: ಬಯಲು ಬಣವೆಗಳ ಬೆಂಕಿಯಲ್ಲಿ ಗಾಳಿ ಸಾಕಷ್ಟಿದ್ದರೂ, ಬಣವೆಗೆ ತಾಗಿದ ದನದ ಕೊಟ್ಟಿಗೆ, ಮೇವಿನ ಕೋಣೆ, ಮೆಕ್ಕೆಜೋಳದ ದಾಸ್ತಾನು ಕೊಠಡಿಗಳು ಮುಚ್ಚಿದ ಸ್ಥಳಗಳೇ. ದನ ಬಿಡಿಸಲು ರೈತರು ಹೊಗೆಯೊಳಗೆ ನುಗ್ಗುವುದು ಸಹಜ. ಕೊಟ್ಟಿಗೆಗೆ ಹೊರಗಿನಿಂದಲೇ ತೆರೆಯಬಹುದಾದ ಎರಡನೆಯ ಬಾಗಿಲು, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಇದ್ದರೆ ಒಳನುಗ್ಗುವ ಅಗತ್ಯವೇ ತಪ್ಪುತ್ತದೆ. ಹಳೆಯ ಹಗೇವುಗಳು, ನೀರಿಲ್ಲದ ತೆರೆದ ಬಾವಿಗಳು, ಡೀಸೆಲ್ ಎಂಜಿನ್ ಇಳಿಸಿ ನಡೆಸುವ ಬಾವಿಗಳು ಕೂಡ ಇದೇ ಪಟ್ಟಿಗೆ ಸೇರುತ್ತವೆ.

ಎಲ್ಲ ಗ್ರಾಮಗಳು: ಶೌಚಗುಂಡಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವು ಕೊಳೆತ ಮೊಟ್ಟೆಯ ವಾಸನೆಯದು. ಆದರೆ ಅದರ ಪ್ರಮಾಣ ಹತ್ತು ಲಕ್ಷದಲ್ಲಿ 100 ಭಾಗ ಮುಟ್ಟುವಷ್ಟರಲ್ಲಿ ಮೂಗಿನ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತೆಂದರೆ ಅಪಾಯ ಹೋಯಿತೆಂದಲ್ಲ. ಶೌಚಗುಂಡಿಗೆ ರಕ್ಷಣಾ ಸಾಧನಗಳಿಲ್ಲದೆ ಜನರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯು ನಿಷೇಧಿಸಿದೆ. ಮೊದಲ ಅಪರಾಧಕ್ಕೇ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಇಂತಹ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಆದೇಶಿಸಿದೆ.

8. ಗ್ರಾಮ ಪಂಚಾಯಿತಿಯ ಪಾತ್ರ

ಗ್ರಾಮ ಪಂಚಾಯಿತಿಯು ಅಗ್ನಿಶಾಮಕ ಠಾಣೆಯಲ್ಲ. ಹೊಗೆಯೊಳಗೆ ಹೋಗುವುದು ಅದರ ಕೆಲಸವೂ ಅಲ್ಲ. ಒಳಹೋಗುವವರಿಗೆ ಸರಿಯಾದ ಮಾಹಿತಿ, ನೀರು, ದಾರಿ, ನಿಶ್ಶಬ್ದ ಒದಗಿಸುವುದು ಅದರ ಕೆಲಸ.

ಮೊದಲೇ ಮಾಡಬೇಕಾದವು:

ಅ) ಪ್ರತಿ ಗ್ರಾಮದ ಗೋದಾಮು, ಗಿರಣಿ, ರಸಗೊಬ್ಬರ ಮತ್ತು ಕೀಟನಾಶಕ ಮಳಿಗೆ, ಅಡುಗೆ ಅನಿಲ ದಾಸ್ತಾನು, ಹಳೆಯ ಹಗೇವು, ತೆರೆದ ಬಾವಿಗಳ ಪಟ್ಟಿಯನ್ನು ಸಿದ್ಧಪಡಿಸಿ, ಒಂದು ಪ್ರತಿಯನ್ನು ತಾಲ್ಲೂಕಿನ ಅಗ್ನಿಶಾಮಕ ಠಾಣೆಗೆ ಕೊಡುವುದು.

ಆ) ವಾಹನ ತಿರುಗಲು ಜಾಗವಿರುವ ದಾರಿ, ನೀರು ತುಂಬಿಸಿಕೊಳ್ಳಬಹುದಾದ ಕೆರೆ, ಕೃಷಿಹೊಂಡ, ಮೇಲ್ಮಟ್ಟದ ನೀರಿನ ತೊಟ್ಟಿ, ಕೊಳವೆಬಾವಿಗಳನ್ನು ಗುರುತಿಸುವುದು. ನೀರುಗಂಟಿಯ ದೂರವಾಣಿ ಸಂಖ್ಯೆಯನ್ನು ಕಚೇರಿಯ ಗೋಡೆಯ ಮೇಲೆ ಬರೆಸುವುದು.

ಇ) ಠಾಣೆಯಲ್ಲಿ ಎಷ್ಟು ಉಸಿರಾಟ ಸಾಧನಗಳಿವೆ, ಎರಡನೆಯ ವಾಹನ ಎಲ್ಲಿಂದ, ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಠಾಣಾಧಿಕಾರಿಯವರಿಂದ ಕೇಳಿ ದಾಖಲಿಸುವುದು.

ಈ) 1944ರ ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ನೆನಪಿಗೆ ಏಪ್ರಿಲ್ 14ರಿಂದ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹದಲ್ಲಿ ಒಂದು ಅಣಕು ಪ್ರದರ್ಶನ ಏರ್ಪಡಿಸುವುದು. ನಮ್ಮಲ್ಲಿ ಬಣವೆಗಳು ಒಣಗಿ ನಿಂತಿರುವ ಕಾಲವೂ ಅದೇ.

ಬೆಂಕಿಯ ಹೊತ್ತಿನಲ್ಲಿ ಮಾಡಬೇಕಾದವು:

ಅ) 101 ಅಥವಾ 112ಕ್ಕೆ ಕರೆ ಮಾಡಿ ಸ್ಥಳ, ಹೆಗ್ಗುರುತು, ಏನು ಸುಡುತ್ತಿದೆ, ಮುಚ್ಚಿದ ಕಟ್ಟಡವೇ, ಒಳಗೆ ಜನರಿದ್ದಾರೆಯೇ ಎಂಬುದನ್ನು ತಿಳಿಸುವುದು. ಗಾಯಾಳುಗಳಿದ್ದರೆ 108, ವಿದ್ಯುತ್ ಕಡಿತಕ್ಕೆ ಜೆಸ್ಕಾಂನ 1912, ಅಡುಗೆ ಅನಿಲ ಸೋರಿಕೆಗೆ 1906.

ಆ) ಮುಖ್ಯ ರಸ್ತೆಯಲ್ಲಿ ಒಬ್ಬರನ್ನು ನಿಲ್ಲಿಸಿ ವಾಹನಕ್ಕೆ ದಾರಿ ತೋರಿಸುವುದು.

ಇ) ಮಾಲೀಕರು ಹಾಗೂ ಕೂಲಿಕಾರರನ್ನು ಒಂದೆಡೆ ನಿಲ್ಲಿಸಿ ಹೆಸರು ಹಿಡಿದು ಎಣಿಸುವುದು. ‘ಯಾರೋ ಒಳಗಿದ್ದಾರೆ’ ಎಂಬ ಗುಂಪಿನ ಮಾತನ್ನು ಹೇಳದೆ, ‘ಇಷ್ಟು ಜನರಲ್ಲಿ ಇಷ್ಟು ಜನ ಹೊರಗಿದ್ದಾರೆ, ಇಂತಹವರು ಕೊನೆಗೆ ಇಂತಹ ಕಡೆ ಕಂಡರು’ ಎಂದು ಹೇಳುವುದು.

ಈ) ಮುಚ್ಚಿದ ಬಾಗಿಲನ್ನಾಗಲಿ ಶಟರನ್ನಾಗಲಿ ತಾವಾಗಿ ಒಡೆಯದಿರುವುದು. ಜ್ವಾಲೆ ಕಾಣದೆ, ಸಂದುಗಳಿಂದ ಹೊಗೆ ಉಸಿರಾಡಿದಂತೆ ಒಳಹೊರಗೆ ಆಡುತ್ತಿದ್ದರೆ, ಬಾಗಿಲು ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ, ಒಳಗಿನ ಬೆಂಕಿ ಗಾಳಿಗಾಗಿ ಹಸಿದಿದೆ ಎಂದರ್ಥ. ಬಾಗಿಲು ತೆರೆದ ಕ್ಷಣ ಅದು ಸ್ಫೋಟದಂತೆ ಹೊರಚಿಮ್ಮುತ್ತದೆ.

ಉ) ಹಗ್ಗ ಅಥವಾ ಕಂಬದಿಂದ ಗಡಿ ಹಾಕಿ ಜನರನ್ನು ದೂರವಿಡುವುದು. ಸಿಕ್ಕಿಬಿದ್ದವರ ಬಂಧುಗಳ ಜೊತೆ ಒಬ್ಬ ಸದಸ್ಯರು ನಿಂತು ಮಾತನಾಡುತ್ತಿರುವುದು. ಅವರನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಬಾಗಿಲಲ್ಲಿ ನಿಂತ ಇಬ್ಬರು ಏಕೆ ನಿಂತಿದ್ದಾರೆಂದು ವಿವರಿಸಿ ಹೇಳಿದರೆ ಬಹುತೇಕರು ಕೇಳುತ್ತಾರೆ.

ಬೆಂಕಿ ಆರಿದ ನಂತರ ಮಾಡಬೇಕಾದವು:

ಅಧಿಕಾರಿಯು ಅನುಮತಿ ಕೊಡುವವರೆಗೆ ಸಾಮಾನು ತೆಗೆಯಲು ಯಾರನ್ನೂ ಬಿಡದಿರುವುದು. ಹೊಗೆ ಕಾಣದಿದ್ದರೂ ಇಂಗಾಲದ ಮೊನಾಕ್ಸೈಡ್ ಉಳಿದಿರಬಹುದು. ಹೊಗೆ ಕುಡಿದು ತಲೆನೋವು, ವಾಂತಿ, ಮಂಕು ಕಾಣಿಸಿಕೊಂಡವರನ್ನು ‘ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ’ ಎನ್ನದೆ ಆಸ್ಪತ್ರೆಗೆ ಕಳಿಸುವುದು.

9. ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1) ನಮ್ಮ ವ್ಯಾಪ್ತಿಯಲ್ಲಿ ಕಿಟಕಿಯಿಲ್ಲದ, ಒಂದೇ ಬಾಗಿಲಿನ ದಾಸ್ತಾನು ಕಟ್ಟಡಗಳು ಎಷ್ಟಿವೆ? ಅವುಗಳಿಗೆ ಎರಡನೆಯ ಬಾಗಿಲು ಇಡಿಸಲು ಮಾಲೀಕರನ್ನು ಒಪ್ಪಿಸುವುದು ಹೇಗೆ?

2) ಅಗ್ನಿಶಾಮಕ ವಾಹನವು ತಾಲ್ಲೂಕು ಕೇಂದ್ರದಿಂದ ನಮ್ಮ ದೂರದ ಗ್ರಾಮಕ್ಕೆ ತಲುಪಲು ಎಷ್ಟು ಹೊತ್ತು ಬೇಕು? ಆ ಹೊತ್ತಿನಲ್ಲಿ ನಾವು ಮಾಡಬಹುದಾದದ್ದೇನು, ಮಾಡಬಾರದ್ದೇನು?

3) ಸಿಲಿಂಡರ್‌ನಲ್ಲಿ 200 ಬಾರ್ ಮಾತ್ರ ಇದ್ದು, ನಿಮಿಷಕ್ಕೆ 60 ಲೀಟರ್ ಬಳಕೆಯಾದರೆ ಶಿಳ್ಳೆ ಕೂಗಲು ಎಷ್ಟು ನಿಮಿಷ ಬೇಕು? (ಉತ್ತರ: 150 ಬಾರ್, 1,020 ಲೀಟರ್, 17 ನಿಮಿಷ.)

4) ಬೆಂಕಿಯ ಸ್ಥಳದಲ್ಲಿ ಜನರನ್ನು ಎಣಿಸುವ ಹೊಣೆ ಯಾವ ಸದಸ್ಯರದು, ಬಂಧುಗಳ ಜೊತೆ ನಿಲ್ಲುವ ಹೊಣೆ ಯಾರದು, ದಾರಿ ತೋರಿಸುವ ಹೊಣೆ ಯಾರದು?

ನಾಲ್ಕನೆಯ ಪ್ರಶ್ನೆಗೆ ಹೆಸರುಗಳನ್ನೇ ಬರೆದು ಠರಾವು ಪುಸ್ತಕದಲ್ಲಿ ದಾಖಲಿಸಲು ಕೋರಲಾಗಿದೆ. ಹೆಸರಿಲ್ಲದ ಹೊಣೆಯನ್ನು ತುರ್ತಿನ ಹೊತ್ತಿನಲ್ಲಿ ಯಾರೂ ಹೊರುವುದಿಲ್ಲ. ಠರಾವಿನ ಪ್ರತಿಯನ್ನು ಮೇಲೆ ಹೇಳಿದ ಅಪಾಯಸ್ಥಾನಗಳ ಪಟ್ಟಿಯೊಂದಿಗೆ ಠಾಣೆಗೆ ತಲುಪಿಸಿದರೆ, ವಾಹನ ಊರಿಗೆ ಬರುವ ಮೊದಲೇ ಅದರ ಅರ್ಧ ಕೆಲಸವನ್ನು ನಾವು ಮಾಡಿ ಮುಗಿಸಿದಂತಾಗುತ್ತದೆ.